ಕ್ಯಾನ್ಸರ್ ಆರೈಕೆ: ಪ್ರಕೃತಿ ವೈದ್ಯರಿಗೆ ತರಬೇತಿ ಎಲ್ಲಿ?



ಪ್ರಕೃತಿ ಚಿಕಿತ್ಸಾ ಕೇಂದ್ರಗಳ ಬೋರ್ಡುಗಳಲ್ಲಿ ಮಧುಮೇಹ, ಬೊಜ್ಜು, ಸಂಧಿವಾತದ ಸಾಲಿನಲ್ಲೇ ಈಗ ಕ್ಯಾನ್ಸರ್ ಎಂಬ ಹೆಸರೂ ಕಾಣುತ್ತಿದೆ. ಕ್ಯಾನ್ಸರ್ ರೋಗಿಯನ್ನು ಮುಟ್ಟುವ ಪ್ರಕೃತಿ ವೈದ್ಯರಿಗೆ ಪ್ರತ್ಯೇಕ ತಜ್ಞ ಅರ್ಹತೆ ಬೇಕೇ ಬೇಕು. ಆದರೆ ಅದು ನಾಲ್ಕು ದಿನದ ಕಾರ್ಯಾಗಾರ ಮುಗಿಸಿದವರಿಗೆ ಹಂಚುವ ಸರ್ಟಿಫಿಕೇಟ್ ಆಗುವುದಾದರೆ ಇಲ್ಲದಿರುವುದೇ ಲೇಸು.

ಕಿಮೋ ವಾರ್ಡಿನಲ್ಲಿ ಬಹುಕಾಲ ನರ್ಸ್ ಆಗಿದ್ದವಳು ನಾನು. ಕಿಮೋ ಕೊಟ್ಟು ಒಂದೆರಡು ವಾರಕ್ಕೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುತ್ತವೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆ ಮಾಡದ, ಪ್ರಕೃತಿ ಚಿಕಿತ್ಸೆಯ ಎನಿಮಾ ಆಗ ರಕ್ತಸ್ರಾವಕ್ಕೆ, ಸೋಂಕಿಗೆ ದಾರಿಯಾಗಬಹುದು. ಸರಿಯಾಗಿ ತೊಳೆಯದ ಸೊಪ್ಪಿನ ಹಸಿ ರಸವೂ ಅಷ್ಟೇ. ಹೊಟ್ಟೆಯ ಕ್ಯಾನ್ಸರಿನಿಂದ ಈಗಾಗಲೇ ಸೊರಗಿದವರಿಗೆ ಉಪವಾಸ ಹೇಳಿದರೆ ಮುಂದಿನ ಕಿಮೋ ತಡೆದುಕೊಳ್ಳುವ ತ್ರಾಣ ಎಲ್ಲಿಂದ ಬರಬೇಕು? ಮಲ್ಟಿಪಲ್ ಮೈಲೋಮಾಗೆ ಕೊಡುವ ಬಾರ್ಟೆಜೊಮಿಬ್ ಔಷಧದ ಕೆಲಸವನ್ನು ಗ್ರೀನ್ ಟೀಯ ಸಾರ ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಗಿಡಮೂಲಿಕೆಯಾದ್ದರಿಂದ ತೊಂದರೆಯಿಲ್ಲ ಎನ್ನುವವರಿಗೆ ಇದು ಗೊತ್ತಿರಬೇಡವೇ? ಇಂಥ ಸೂಕ್ಷ್ಮಗಳನ್ನು ಪುಸ್ತಕ ಓದಿ ಕಲಿತರೆ ಸಾಲದು, ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿಯಬೇಕು.

ಹಾಗೆಂದು ಈ ಪದ್ಧತಿಯನ್ನೇ ನಾನು ಅಲ್ಲಗಳೆಯುತ್ತಿಲ್ಲ. ಚಿಕಿತ್ಸೆಯಿಂದ ಬರುವ ವಿಪರೀತ ದಣಿವಿಗೆ ಯೋಗ ನೆರವಾಗುತ್ತದೆ. ಸ್ತನ ಕ್ಯಾನ್ಸರಿನ ಹಾರ್ಮೋನ್ ಮಾತ್ರೆಗಳು ತರುವ ಕೀಲುನೋವಿಗೆ ಅಕ್ಯುಪಂಕ್ಚರ್ ಕೊಡಬಹುದೆಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವೇ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಇವೆರಡನ್ನೂ ನಮ್ಮ ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ) ಪದವೀಧರರು ಕಲಿತಿರುತ್ತಾರೆ. ಅವರ ಸೇವೆ ರೋಗಿಗೆ ಬೇಕು, ಆದರೆ ಕ್ಯಾನ್ಸರ್ ವೈದ್ಯರ ಜೊತೆಯಲ್ಲಿ. ವಾಸಿಯಾಗಬಲ್ಲ ಹಂತದಲ್ಲೇ ಆಧುನಿಕ ಚಿಕಿತ್ಸೆ ಬಿಟ್ಟು ಪರ್ಯಾಯ ಪದ್ಧತಿಯನ್ನಷ್ಟೇ ನೆಚ್ಚಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತೆಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದಾರೆ.

ಅಮೆರಿಕದಲ್ಲಿ ಪ್ರಕೃತಿ ವೈದ್ಯರದ್ದೇ ಒಂದು ಮಂಡಳಿ ಕ್ಯಾನ್ಸರ್ ಆರೈಕೆಯಲ್ಲಿ ಪರೀಕ್ಷೆ ನಡೆಸಿ ಫೆಲೋ ಬಿರುದು ಕೊಡುತ್ತದೆ. ಪರೀಕ್ಷೆ ಇರುವುದು ಒಳ್ಳೆಯದೇ. ಆದರೆ ಅಲ್ಲಿನ ವೈದ್ಯಕೀಯ ತಜ್ಞ ಮಂಡಳಿಗಳ ಒಕ್ಕೂಟದಲ್ಲಿ ಅದಕ್ಕೆ ಸ್ಥಾನವಿಲ್ಲ. ತಮ್ಮವರು ತಮ್ಮವರಿಗೇ ಕೊಟ್ಟುಕೊಳ್ಳುವ ಬಿರುದಿನಿಂದ ರೋಗಿಗೆ ಭರವಸೆ ಸಿಗುವುದಿಲ್ಲ. ನಾವು ಅದನ್ನು ನಕಲು ಮಾಡಬೇಕಿಲ್ಲ.

ನಮ್ಮಲ್ಲಿ ಸ್ಥಿತಿ ಇನ್ನೂ ಸಡಿಲ. ಇಂಟರ್ನ್‌ಷಿಪ್ ಸೇರಿ ಐದೂವರೆ ವರ್ಷದ ಪದವಿ ಇದೆ, ಉಜಿರೆಯಂಥ ಕಡೆ 1989ರಿಂದಲೇ ಕಾಲೇಜು ಇದೆ. ಆದರೂ ಭಾರತೀಯ ವೈದ್ಯ ಪದ್ಧತಿಗಳ ರಾಷ್ಟ್ರೀಯ ಆಯೋಗ ರಚಿಸಿದ 2020ರ ಕಾಯ್ದೆ ಆಯುರ್ವೇದ, ಯುನಾನಿ, ಸಿದ್ಧ, ಸೋವಾ ರಿಗ್ಪಾಗಳನ್ನು ಒಳಗೊಂಡು ಪ್ರಕೃತಿ ಚಿಕಿತ್ಸೆಯನ್ನು ಹೊರಗೇ ಬಿಟ್ಟಿತು. ಯಾರು ತಜ್ಞರು ಎಂದು ಇಡೀ ದೇಶಕ್ಕೆ ಹೇಳುವವರೇ ಇಲ್ಲ.

ಕೇಂದ್ರಕ್ಕಾಗಿ ಕಾಯದೆ ರಾಜ್ಯವೇ ಮುಂದಾಗಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಆಯುಷ್ ಇಲಾಖೆ ಮತ್ತು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಸೇರಿ ಒಂದು ವರ್ಷದ ಫೆಲೋಶಿಪ್ ರೂಪಿಸಬೇಕು. ತರಬೇತಿ ಕ್ಯಾನ್ಸರ್ ಆಸ್ಪತ್ರೆಯೊಳಗೇ ನಡೆಯಬೇಕು, ಪರೀಕ್ಷಕರಲ್ಲಿ ಕ್ಯಾನ್ಸರ್ ವೈದ್ಯರೂ ಇರಬೇಕು. ಕಿಮೋ, ರೇಡಿಯೇಷನ್ ನಿಲ್ಲಿಸಲು ಸಲಹೆ ಕೊಟ್ಟವರ ಅರ್ಹತೆ ರದ್ದಾಗಬೇಕು.

ಕ್ಯಾನ್ಸರ್ ಗುಣಪಡಿಸುತ್ತೇವೆ ಎಂಬ ಔಷಧ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅದನ್ನು ಜಾರಿ ಮಾಡಲು ಹೊಸ ಕೋರ್ಸು ಬರುವವರೆಗೆ ಕಾಯಬೇಕಾಗಿಲ್ಲ. ಆರೋಗ್ಯ ಇಲಾಖೆ ಚಿಕಿತ್ಸಾ ಕೇಂದ್ರಗಳ ಬೋರ್ಡುಗಳನ್ನು ಇಂದೇ ಪರಿಶೀಲಿಸಲಿ.

— ನಿವೃತ್ತ ನರ್ಸ್, ಶಿವಮೊಗ್ಗ