ಹೆಲ್ಮೆಟ್ ಹಾಕಿದ್ರೆ ಕತ್ತು ಮುರಿಯತ್ತಾ?

ನಮ್ಮ ಚಿಕ್ಕಮ್ಮಂಗೆ ಸ್ಕೂಟರ್ ಹಿಂದೆ ಕೂತು ಹೋಗೋದಂದ್ರೆ ಪ್ರಾಣ. ಹೆಲ್ಮೆಟ್ ಅಂದ್ರೆ ಮಾತ್ರ ಆಗಲ್ಲ. ಬನಶಂಕರಿ ದೇವಸ್ಥಾನಕ್ಕೆ ಹೊರಟ್ರೆ ಅದು ಅವರ ತೊಡೆ ಮೇಲೇ ಇರತ್ತೆ, ಸಿಗ್ನಲ್‌ನಲ್ಲಿ ಪೊಲೀಸ್ ಕಂಡ್ರೆ ತಲೆಗೇರತ್ತೆ. 2016ರ ಜನವರಿಯಲ್ಲಿ ಹಿಂದೆ ಕೂತವರಿಗೂ ಕಡ್ಡಾಯ ಮಾಡಿದಾಗಿಂದ ಇದೇ ಕಥೆ. ಮುಡಿದ ಮಲ್ಲಿಗೆ ನಲುಗತ್ತೆ ಅಂತಿದ್ರು ಮೊದಲು. ಈಗ, "ಅಷ್ಟು ಭಾರ ಹೊತ್ಕೊಂಡು ಬಿದ್ರೆ ಕತ್ತೇ ಮುರಿಯತ್ತೆ ಕಣೇ."

ನಗಬೇಡಿ. 1986ರಲ್ಲಿ ಅಮೆರಿಕದಲ್ಲಿ ಒಬ್ಬರು ಲೆಕ್ಕ ಹಾಕಿ ಹೆಚ್ಚುಕಮ್ಮಿ ಇದನ್ನೇ ಬರೆದಿದ್ರು. ಆದ್ರೆ 2011ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯರು 40 ಸಾವಿರಕ್ಕೂ ಹೆಚ್ಚು ಬೈಕ್ ಅಪಘಾತದ ದಾಖಲೆ ತೆಗೆದು ನೋಡಿದ್ರೆ, ಹೆಲ್ಮೆಟ್ ಹಾಕಿದ್ದವರಿಗೆ ಕತ್ತಿನ ಮೂಳೆ ಪೆಟ್ಟು ಶೇ. 22ರಷ್ಟು ಕಮ್ಮಿ! ಬೇರೆ ಬೇರೆ ಅಧ್ಯಯನ ಒಟ್ಟುಮಾಡಿ ನೋಡಿದ 2008ರ ಕಾಕ್ರೇನ್ ವರದಿ ಮಾತ್ರ ಕತ್ತಿನ ಬಗ್ಗೆ ಖಡಾಖಂಡಿತ ಹೇಳಕ್ಕೆ ಪುರಾವೆ ಸಾಲದು ಅಂತು. ತಲೆ ಪೆಟ್ಟು ಶೇ. 69, ಸಾವು ಶೇ. 42 ಕಮ್ಮಿ ಆಗತ್ತೆ ಅನ್ನೋದ್ರಲ್ಲಿ ಅದಕ್ಕೂ ಅನುಮಾನ ಇಲ್ಲ. ಅಂದ್ರೆ ಕತ್ತಿಗೆ ಲಾಭ ಎಷ್ಟು ಅನ್ನೋದು ಚರ್ಚೆ, ತಲೆಗಂತೂ ಚರ್ಚೆನೇ ಇಲ್ಲ.

ಆದ್ರೂ ಚಿಕ್ಕಮ್ಮನ ಕತ್ತುನೋವು ಸುಳ್ಳಲ್ಲ. ಜೆ.ಪಿ. ನಗರದ ಹಂಪ್‌ಗಳ ಮೇಲೆ ಮಗನ ದೊಡ್ಡ ಹೆಲ್ಮೆಟ್ ಹಾಕ್ಕೊಂಡು ಕೂತ್ರೆ ಯಾರಿಗಾದ್ರೂ ನೋಯತ್ತೆ. ಅದು ನೋವು, ಮುರಿಯೋದು ಬೇರೆ. ನಮ್ಮನೆಗಳಲ್ಲಿ ಗಂಡಸರಿಗೆ ತಲೆ ಅಳತೆ ನೋಡಿ ತರ್ತಾರೆ, ಹಿಂದೆ ಕೂರೋ ಹೆಂಗಸರಿಗೆ ಹಳೇದು, ಪಟ್ಟಿ ಕಿತ್ತಿದ್ದು, ಇಲ್ಲಾ ಟೋಪಿ ಥರದ್ದು. ನನಗೆ ಸಿಟ್ಟು ಬರೋದು ಇಲ್ಲೇ. ಪಟ್ಟಿ ಬಿಗಿಯಿಲ್ಲದ ಹೆಲ್ಮೆಟ್ ಬೀಳೋ ಮೊದಲೇ ಹಾರಿಹೋಗತ್ತೆ, ತಲೆ ಕಾಯೋದೇನು?

ಕತ್ತಿಗೆ ನಿಜವಾಗಿ ಹೆದರಬೇಕಾದ್ದು ಇನ್ನೊಂದಿದೆ, ಸೆರಗು, ದುಪಟ್ಟಾ. ಹಾರಿ ಚಕ್ರಕ್ಕೆ ಸುತ್ಕೊಂಡ್ರೆ ಒಂದೇ ಎಳೆತಕ್ಕೆ ಕತ್ತು ಬಿಗಿಯತ್ತೆ. ಸೆರಗು ಸೊಂಟಕ್ಕೆ ಸಿಗಿಸ್ಕೊಳ್ಳಿ, ದುಪಟ್ಟಾ ಗಂಟು ಹಾಕಿ, ಚಕ್ರದ ಪಕ್ಕದ ಸೀರೆ ಗಾರ್ಡ್ ಚೆಂದ ಕಾಣಲ್ಲ ಅಂತ ಬಿಚ್ಚಿಸಬೇಡಿ.

ಹೋದ ವಾರ ಚಿಕ್ಕಮ್ಮನ್ನ ಕರ್ಕೊಂಡು ಹೋಗಿ ಐಎಸ್‌ಐ ಗುರುತಿರೋದು, ಹಗುರದ್ದು, ಅವರ ಅಳತೆದೇ ಕೊಡಿಸ್ದೆ. ಗಲ್ಲದ ಪಟ್ಟಿ ಹಾಕಿ ಅಂಗಡಿಯೋನ ಮುಂದೆ ತಲೆ ಅಲ್ಲಾಡಿಸಿ ನೋಡಿದ್ರು. ನೇರಳೆ ಬಣ್ಣದ್ದೇ ಬೇಕು ಅಂತ ಅರ್ಧ ಗಂಟೆ ನಿಂತಿದ್ವಿ. ಮಲ್ಲಿಗೆ ಈಗ ಚೀಲದಲ್ಲಿ ಬರತ್ತೆ, ಗುಡಿ ಬಾಗಿಲಲ್ಲಿ ಮುಡ್ಕೋತಾರೆ.