‘ಗೊತ್ತಿಲ್ಲ’ ಅನ್ನೋ ಮಗಳಿಗೆ ಎರಡು ತಿಂಗಳು ಕೊಟ್ಟು ನೋಡಿ

ಕಳೆದ ಬೇಸಿಗೆಯ ಮಾತು. ಸಂಡಿಗೆ ಹಿಟ್ಟು ಕಾಯಿಸಿಕೊಂಡು ಇನ್ನೇನು ಮಹಡಿ ಹತ್ತಬೇಕು, ಅಷ್ಟರಲ್ಲಿ ಅಕ್ಕನ ಫೋನು. ‘ಹಲೋ’ ಅನ್ನೋಕೂ ಬಿಡಲಿಲ್ಲ.

“ಇವಳಿಗೆ ನೀನಾದ್ರೂ ಸ್ವಲ್ಪ ಬುದ್ಧಿ ಹೇಳೇ. ಇನ್ನೊಂದು ವರ್ಷಕ್ಕೆ ಬಿ.ಕಾಂ. ಮುಗೀತು. ಮುಂದೇನು ಮಾಡ್ತೀಯಾ ಅಂದ್ರೆ ಗೊತ್ತಿಲ್ಲ. ಸಿ.ಎ.? ಗೊತ್ತಿಲ್ಲ. ಬ್ಯಾಂಕ್ ಪರೀಕ್ಷೆ? ಗೊತ್ತಿಲ್ಲ. ನಿಮ್ಮ ಭಾವ ಅಂತೂ, ಗೊತ್ತಿಲ್ಲದೇ ಇದ್ರೆ ಗಂಡು ನೋಡೋಣ ಬಿಡು ಅಂತ ಕೂತಿದಾರೆ!”

ಅವಳ ಕೈಗೇ ಫೋನ್ ಕೊಡು ಅಂದೆ. ಹುಡುಗಿಯ ಗಂಟಲು ಕಟ್ಟಿತ್ತು. “ಚಿಕ್ಕಮ್ಮ, ನಂಗೆ ನಿಜವಾಗ್ಲೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದು ಅಷ್ಟೊಂದು ತಪ್ಪಾ?”

ತಪ್ಪಾ? ನೀವೇ ಹೇಳಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ನೋಡಿ ಕಾಮರ್ಸ್ ಕೊಡಿಸಿದವರು ನಾವು. ಕಾಲೇಜು ಆರಿಸಿದವರೂ ನಾವೇ, ಅದೂ ಮನೆಗೆ ಹತ್ತಿರ ಅಂತ. ಪುಟ್ಟಿ (ನಮ್ಮನೇಲಿ ಎಲ್ಲರೂ ಅವಳನ್ನ ಹಾಗೇ ಕರೆಯೋದು) ಕಂಡ ಪ್ರಪಂಚ ಅಂದ್ರೆ ಕ್ಲಾಸು, ಬಸ್ಸು, ಮೊಬೈಲು. ಆಫೀಸು ಅನ್ನೋದನ್ನ ಅವಳು ನೋಡಿರೋದು ಅಪ್ಪನ ಜತೆ ಬ್ಯಾಂಕಿಗೆ ಹೋದಾಗ ಮಾತ್ರ, ಅದೂ ಕೌಂಟರಿನ ಈಚೆ ಕಡೆ ನಿಂತು. ಅಂಥವಳನ್ನ ‘ನಿನಗೆ ಯಾವ ಕೆಲಸ ಇಷ್ಟ’ ಅಂತ ಕೇಳೋದು, ಒಲೆ ಹಚ್ಚೋಕೇ ಬಿಡದೆ ‘ನಿನಗೆ ಯಾವ ಅಡುಗೆ ಚೆನ್ನಾಗಿ ಬರುತ್ತೆ’ ಅಂತ ಕೇಳಿದ ಹಾಗಲ್ವೇ?

ಭಾವ ಅಷ್ಟರಲ್ಲಿ ಸಿ.ಎ. ಕೋಚಿಂಗ್‌ಗೆ ವಿಚಾರಿಸಿ ಬಂದಿದ್ದರು. ದುಡ್ಡು ಕಟ್ಟೋ ಮೊದಲು ರಜೆಯಲ್ಲಿ ಎರಡು ತಿಂಗಳು ಅವಳನ್ನ ಯಾವುದಾದ್ರೂ ಆಡಿಟರ್ ಆಫೀಸಿಗೆ ಕಳಿಸಿ ನೋಡೋಣ ಅಂದೆ. ಅಕ್ಕ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಬಂತು ಪ್ರಶ್ನೆ. “ಕೆಲಸಕ್ಕಾ? ಮನೇಲಿ ದುಡ್ಡಿಗೆ ತೊಂದ್ರೆ ಅಂದ್ಕೊಳ್ಳಲ್ವಾ ಜನ?”

ಈ ಮಾತು ನನಗೆ ಹೊಸದಲ್ಲ. ಬಿ.ಎ. ಕೊನೇ ವರ್ಷದ ರಜೆಯಲ್ಲಿ ನಮ್ಮೂರಿನ ಒಂದು ಸಣ್ಣ ಪತ್ರಿಕೆಯವರು ಪ್ರೂಫ್ ನೋಡೋಕೆ ಯಾರಾದ್ರೂ ಹುಡುಗಿ ಇದ್ರೆ ಕಳಿಸಿ ಅಂತ ನಮ್ಮ ಕನ್ನಡ ಮೇಡಂ ಹತ್ರ ಕೇಳಿದ್ದರು. ಮೇಡಂ ನನ್ನ ಹೆಸರು ಹೇಳಿದ್ದರು. ಮನೆಗೆ ಕುಣಿಯುತ್ತಾ ಬಂದೆ. ಅಪ್ಪ ಪೇಪರ್‌ನಿಂದ ತಲೆ ಎತ್ತದೆ, “ನಮ್ಮನೇಲಿ ಊಟಕ್ಕೆ ಗತಿ ಇಲ್ವಾ?” ಅಂದರು. ಅಲ್ಲಿಗೆ ಮುಗೀತು. ಅಮ್ಮ ಒಳಗೆ ಬಂದು, ಹೋಗಲಿ ಬಿಡು, ಈ ರಜೆಯಲ್ಲಿ ಕುಚ್ಚು ಹಾಕೋದು ಕಲಿ ಅಂದಳು. ಕಲಿತೆ. ಇವತ್ತಿಗೂ ಚೆನ್ನಾಗೇ ಹಾಕ್ತೀನಿ. ಆದರೆ ಬರವಣಿಗೆ ಅನ್ನೋದು ನನ್ನ ಕೈಗೆ ದಕ್ಕೋ ಕೆಲಸ ಅಂತ ಗೊತ್ತಾಗೋಕೆ ಮದುವೆ, ಎರಡು ಮಕ್ಕಳು ಎಲ್ಲ ಆಗಿ ಹತ್ತು ವರ್ಷ ಬೇಕಾಯ್ತು. ಅಪ್ಪನನ್ನ ದೂರೋದಿಲ್ಲ, ಆ ಕಾಲ ಹಾಗಿತ್ತು. ಅದೇ ಮಾತನ್ನ ಅಕ್ಕನ ಬಾಯಲ್ಲಿ, ಅದೂ ಈಗ ಕೇಳಿದಾಗ ಮಾತ್ರ ಸಿಟ್ಟು ಬಂತು.

ಇಂಟರ್ನ್‌ಶಿಪ್ ಅಂದ ತಕ್ಷಣ ನಮಗೆ ಕಣ್ಣ ಮುಂದೆ ಬರೋದು ಗಾಜಿನ ಕಟ್ಟಡ, ಕುತ್ತಿಗೆಗೆ ನೇತು ಹಾಕಿಕೊಂಡ ಟ್ಯಾಗು. ಅಂಥಾ ಕಡೆ ಪರಿಚಯ ಇಲ್ಲದ ಮನೆಯವರು ‘ನಮಗೆಲ್ಲಿ ಸಿಗುತ್ತೆ’ ಅಂತ ಅಲ್ಲೇ ಕೈ ಚೆಲ್ಲಿಬಿಡ್ತಾರೆ. ಪುಟ್ಟಿಗೆ ಸಿಕ್ಕಿದ್ದು ಭಾವನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡೋ ಆಡಿಟರ್ ಹತ್ತಿರವೇ. ಎಂಟು ಜನರ ಪುಟ್ಟ ಆಫೀಸು, ಮಲ್ಲೇಶ್ವರದಲ್ಲಿ. ತಿಂಗಳಿಗೆ ಮೂರು ಸಾವಿರ ಕೊಡ್ತೀನಿ ಅಂದರು. ಓಡಾಟಕ್ಕೆ ಹೇಗೂ ಖರ್ಚಿಲ್ಲ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ.

ಮೊದಲ ವಾರವೆಲ್ಲ ರಬ್ಬರ್ ಬ್ಯಾಂಡ್ ಸುತ್ತಿದ ಬಿಲ್ಲಿನ ಕಂತೆಗಳನ್ನ ತಾರೀಕಿನ ಪ್ರಕಾರ ಜೋಡಿಸಿದ್ದೇ ಜೋಡಿಸಿದ್ದು. ಕೆಲವು ಬಿಲ್ಲುಗಳಿಗೆ ಸಾಂಬಾರಿನ ಕಲೆ ಬೇರೆ! ಆಮೇಲೆ ಟ್ಯಾಲಿಯಲ್ಲಿ ಎಂಟ್ರಿ. ತಿಂಗಳ 11ನೇ ತಾರೀಕಿನೊಳಗೆ ಒಂದು ಜಿ.ಎಸ್.ಟಿ. ರಿಟರ್ನು, 20ರೊಳಗೆ ಇನ್ನೊಂದು. 19ರ ರಾತ್ರಿ ಎಂಟೂವರೆಯಾದ್ರೂ ಹುಡುಗಿ ಮನೆಗೆ ಬಂದಿಲ್ಲ ಅಂತ ಅಕ್ಕ ನನಗೆ ನಾಲ್ಕು ಸಲ ಫೋನ್ ಮಾಡಿದಳು, ಕೊನೆಗೆ ಭಾವ ಸ್ಕೂಟರ್ ತೆಗೆದುಕೊಂಡು ಹೋಗಿ ಕರೆತಂದರು. ಮಾರನೇ ದಿನ ಪುಟ್ಟಿಯೇ ಆಡಿಟರ್ ಹತ್ತಿರ ಹೋಗಿ, “ಸರ್, ನಾನು ಏಳು ಗಂಟೆ ಮೇಲೆ ಇರಲ್ಲ” ಅಂತ ಹೇಳಿ ಬಂದಳಂತೆ. ಮನೇಲಿ ಒಂದು ಲೋಟ ನೀರು ಬೇಕಾದ್ರೂ ‘ಅಮ್ಮಾ’ ಅಂತ ಕೂಗೋ ಹುಡುಗಿ ಇದು!

ಎರಡು ತಿಂಗಳು ಮುಗಿಯೋ ಹೊತ್ತಿಗೆ ತೀರ್ಮಾನ ಹೇಳಿದಳು. “ಚಿಕ್ಕಮ್ಮ, ದಿನವಿಡೀ ಅಂಕಿ ತಾಳೆ ನೋಡೋದು ನಂಗಾಗಲ್ಲ. ಸಿ.ಎ. ಬೇಡ.”

“ನೋಡಿದ್ಯಾ, ಎರಡು ತಿಂಗಳು ದಂಡ!” ಅಂದಳು ಅಕ್ಕ.

ದಂಡ ಹೇಗಾಗುತ್ತೆ? ಸಿ.ಎ. ಮಾಡೋರು ಆಡಿಟರ್ ಕೈಕೆಳಗೆ ದುಡಿಯೋ ಆರ್ಟಿಕಲ್‌ಶಿಪ್ 2023ರ ಹೊಸ ಪದ್ಧತಿಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ, ನಿಜ. ಆದರೂ ಎರಡು ವರ್ಷ! ಅದರ ಮೇಲೆ ಇಂಟರ್‌ಮೀಡಿಯೆಟ್, ಫೈನಲ್ ಅಂತ ಪರೀಕ್ಷೆಗಳು. ಇದು ತನಗಾಗದು ಅನ್ನೋದು ಆ ದಾರಿಯ ಮಧ್ಯದಲ್ಲಿ, ಕೋಚಿಂಗ್ ಫೀಸೆಲ್ಲ ಕಟ್ಟಿದ ಮೇಲೆ ಗೊತ್ತಾಗಿದ್ರೆ? ‘ಇಷ್ಟು ಖರ್ಚು ಮಾಡಿದೀವಿ, ಹೇಗಾದ್ರೂ ಮುಗಿಸು’ ಅಂತ ನಾವೇ ಅವಳ ಬೆನ್ನು ಹತ್ತುತ್ತಿದ್ವಿ. ‘ಇದು ಬೇಡ’ ಅಂತ ಖಚಿತವಾಗಿ ಹೇಳೋಕೆ ಬಂದಿದ್ದೂ ಒಂದು ಸಂಪಾದನೆ. ಮೂರು ಸಾವಿರಕ್ಕಿಂತ ಅದೇ ದೊಡ್ಡ ಸಂಪಾದನೆ ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ಅವಳು ಹೇಳಿರಲಿಲ್ಲ, ನಾನು ಕೆದಕಿ ಕೇಳಿದಾಗ ಬಂತು. ಆ ಆಫೀಸಿಗೆ ಸಣ್ಣಪುಟ್ಟ ಅಂಗಡಿಯವರು, ದರ್ಶಿನಿ ಹೋಟೆಲಿನವರು ಇಲಾಖೆಯ ನೋಟಿಸು ಹಿಡಿದುಕೊಂಡು ಹೆದರಿಕೊಂಡು ಬರ್ತಾರಂತೆ. ಇಂಗ್ಲಿಷಿನಲ್ಲಿರೋ ಆ ಕಾಗದವನ್ನ ಕನ್ನಡದಲ್ಲಿ ಬಿಡಿಸಿ ಹೇಳೋ ಕೆಲಸ ಹೇಗೋ ಇವಳ ಪಾಲಿಗೆ ಬಂತು. “ಅವರ ಮುಖ ಸಮಾಧಾನ ಆಗೋದು ನೋಡಿದ್ರೆ ಖುಷಿ ಆಗ್ತಿತ್ತು ಚಿಕ್ಕಮ್ಮ” ಅಂದಳು. ಇದು ಯಾವ ಕೋರ್ಸು, ಯಾವ ಹುದ್ದೆ ಅಂತ ನನಗೂ ಗೊತ್ತಿಲ್ಲ. ಆದರೆ ‘ಗೊತ್ತಿಲ್ಲ’ದ ಒಳಗೆ ಒಂದು ಎಳೆ ಸಿಕ್ಕಿತಲ್ಲ, ಕೋಚಿಂಗ್ ಸೆಂಟರಿನ ಕೌನ್ಸೆಲರ್ ಹತ್ತಿರ ಕೂತಿದ್ರೆ ಅದು ಸಿಗ್ತಿತ್ತಾ?

ನಮ್ಮನೆಗೆ ಕೆಲಸಕ್ಕೆ ಬರೋ ಅಮ್ಮನಿಗೆ ಬಿ.ಎ. ಓದೋ ಮಗ ಇದ್ದಾನೆ. ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ನವರ ಜತೆ ಬಡಿಸೋಕೆ ಹೋಗ್ತಾನೆ. ಈಗ ನಾಲ್ಕು ವರ್ಷದಿಂದ. ಐನೂರು ಎಲೆಯ ಪಂಕ್ತಿಗೆ ಎಷ್ಟು ಜನ ಬೇಕು, ಪಾಯಸ ಕಡಿಮೆ ಬಿದ್ದಾಗ ಯಾವ ಸಾಲಿನಿಂದ ಬಡಿಸಬೇಕು, ಸಿಟ್ಟಾದ ಬೀಗರನ್ನ ಹೇಗೆ ಮಾತಾಡಿಸಬೇಕು, ಎಲ್ಲ ಗೊತ್ತು ಅವನಿಗೆ. ಮೊನ್ನೆ ಬಯೋಡೇಟಾ ತಿದ್ದಿಕೊಡಿ ಆಂಟಿ ಅಂತ ತಂದ. ಅದರಲ್ಲಿ ಕೇಟರಿಂಗ್ ವಿಷಯ ಒಂದು ಸಾಲೂ ಇಲ್ಲ! “ಅದೇನು ಇಂಟರ್ನ್‌ಶಿಪ್ಪಾ ಆಂಟಿ, ಬಡಿಸೋದು ತಾನೆ” ಅಂತ ನಾಚಿಕೊಂಡ. ನಾನೇ ಬರೆಸಿದೆ. ಅನುಕೂಲಸ್ಥರ ಮಕ್ಕಳು ಎರಡು ವಾರ ಎ.ಸಿ. ರೂಮಿನಲ್ಲಿ ಕೂತು ಬಂದಿದ್ದಕ್ಕೆ ಇಂಗ್ಲಿಷ್ ಹೆಸರು, ಇವನ ನಾಲ್ಕು ವರ್ಷದ ದುಡಿಮೆಗೆ ಹೆಸರೇ ಇಲ್ಲ. ಇದು ನನಗೆ ಸರಿ ಕಾಣೋದಿಲ್ಲ.

ಈಗ ಇನ್ನೊಂದು ಮಗ್ಗುಲು. ನಮ್ಮ ಬೀದಿಯ ಒಬ್ಬ ಹುಡುಗ ಎಂಜಿನಿಯರಿಂಗ್ ಓದ್ತಾನೆ. ವಿಟಿಯು ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಕಡ್ಡಾಯ ಅಂದ ಮೇಲೆ ಅಂಗಡಿ ತೆರೆಯೋರೂ ಇರ್ತಾರಲ್ಲ! ವಾಟ್ಸ್ಆ್ಯಪ್‌ನಲ್ಲಿ ಬಂದ ಜಾಹೀರಾತು ನೋಡಿ ಅವರಮ್ಮ ಐದು ಸಾವಿರ ಕಟ್ಟಿದರು. ನಾಲ್ಕು ವಾರ ಮನೆಯಲ್ಲೇ ಕೂತು ವಿಡಿಯೋ ನೋಡಿದ, ಬಣ್ಣದ ಸರ್ಟಿಫಿಕೇಟ್ ಬಂತು, ಫ್ರೇಮ್ ಹಾಕಿಸಿದರು. ಕ್ಯಾಂಪಸ್ ಸಂದರ್ಶನದಲ್ಲಿ ‘ನೀನು ಅಲ್ಲಿ ಮಾಡಿದ್ದೇನು’ ಅಂತ ಕೇಳಿದಾಗ ಹುಡುಗನ ಬಾಯಿ ಕಟ್ಟಿಹೋಯ್ತು. ಕೆಲಸ ಕೊಡೋರು ನಮ್ಮಿಂದಲೇ ದುಡ್ಡು ಯಾಕೆ ಕೇಳ್ತಾರೆ? ಇಷ್ಟು ಯೋಚಿಸಿದ್ರೆ ಸಾಕಿತ್ತು. ತರಕಾರಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡೋ ನಾವು ಇಲ್ಲಿ ಯಾಕೋ ಮೋಸ ಹೋಗ್ತೀವಿ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯದೇ ಇಂಟರ್ನ್‌ಶಿಪ್ ಪೋರ್ಟಲ್ ಇದೆ, ಅದರಲ್ಲಿ ಮಗುವೇ ಹೆಸರು ನೋಂದಾಯಿಸಿ ಹುಡುಕಬಹುದು.

ಹಾಗಂತ ದುಡ್ಡು ಕೇಳದೇ ಇರೋರೆಲ್ಲ ಒಳ್ಳೆಯವರು ಅಂತಲೂ ಅಲ್ಲ. ಎರಡು ತಿಂಗಳು ಬರೀ ಜೆರಾಕ್ಸ್ ಮಾಡಿಸಿ, ಕಾಫಿ ತರಿಸಿ ಕಳಿಸೋರಿದ್ದಾರೆ. ‘ಯಾವ ಕೆಲಸವಾದ್ರೂ ಅನುಭವವೇ’ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಸೇರೋ ಮೊದಲೇ ಮಗಳು ಬಾಯಿಬಿಟ್ಟು ಕೇಳಲಿ: ನನಗೆ ಕಲಿಸೋರು ಯಾರು, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಬಸ್ ಚಾರ್ಜು-ಊಟದ ಖರ್ಚಾದ್ರೂ ಕೊಡ್ತೀರಾ, ಕೊನೆಗೆ ಪತ್ರ ಕೊಡ್ತೀರಾ ಅಂತ. ಪುಟ್ಟಿ ಮೊದಲೇ ಕೇಳಿರಲಿಲ್ಲ, ಪತ್ರಕ್ಕಾಗಿ ಆಮೇಲೆ ಎರಡು ಸಲ ಅಲೆದಳು.

ಹೆಣ್ಣುಮಕ್ಕಳ ಅಮ್ಮಂದಿರಿಗೆ ಇರೋ ಭಯವೇ ಬೇರೆ, ಅದು ಸುಳ್ಳು ಭಯವೂ ಅಲ್ಲ. ಮೊದಲ ದಿನ ನೀವೇ ಜತೆಗೆ ಹೋಗಿ ಆಫೀಸು ನೋಡಿ ಬನ್ನಿ. ಮಗಳಿಗೆ ನಾಚಿಕೆ ಆದ್ರೆ ಆಗಲಿ! ಅಲ್ಲಿ ಬೇರೆ ಹೆಂಗಸರು ಇದ್ದಾರಾ, ಶೌಚಾಲಯ ಇದೆಯಾ ನೋಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಸಂಬಳ ಇಲ್ಲದೆ ಕಲಿಯೋಕೆ ಬಂದ ಹುಡುಗಿಗೂ ಅನ್ವಯಿಸುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ. ಹತ್ತು ಅಥವಾ ಹೆಚ್ಚು ಜನ ಇರೋ ಕಡೆ ದೂರು ಕೇಳೋ ಆಂತರಿಕ ಸಮಿತಿ ಇರಲೇಬೇಕು. ಪುಟ್ಟಿಯದರಂಥ ಸಣ್ಣ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದನ್ನ ಮಗಳಿಗೆ ಮೊದಲೇ ಹೇಳಿ ಕಳಿಸಿ. ಮನೇಲಿ ಕೂರಿಸೋದಕ್ಕಿಂತ ಅದು ಒಳ್ಳೆಯದು.

ಎಲ್ಲಿಗೆ ಕಳಿಸೋದು ಅಂತೀರಾ? ಟೀಚರ್ ಆಗಬೇಕೋ ಬೇಡವೋ ಅಂತ ಅನುಮಾನ ಇರೋಳಿಗೆ ಏಪ್ರಿಲ್-ಮೇ ತಿಂಗಳ ಮಕ್ಕಳ ಬೇಸಿಗೆ ಶಿಬಿರಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಮೂವತ್ತು ಮಕ್ಕಳ ಗಲಾಟೆಯಲ್ಲಿ ಒಂದು ವಾರ ನಿಂತ್ರೆ ಗೊತ್ತಾಗಿಬಿಡುತ್ತೆ. ಶಾಲೆ ಶುರುವಾಗೋ ಮುಂಚೆ ಪುಸ್ತಕದಂಗಡಿ, ಯೂನಿಫಾರ್ಮ್ ಅಂಗಡಿಗಳಿಗೆ ಕೈ ಸಾಲದೇ ಇರುತ್ತೆ, ವ್ಯಾಪಾರದ ಆಸಕ್ತಿ ಇರೋರು ಅಲ್ಲಿ ಬಿಲ್ ಹಾಕಲಿ. ಬಿ.ಎಸ್ಸಿ. ಮಕ್ಕಳಿಗೆ ನಮ್ಮ ಸದಾಶಿವನಗರದಲ್ಲಿರೋ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜತೆ ಸೇರಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ವಿಜ್ಞಾನಿಗಳ ಕೈಕೆಳಗೆ ಕೆಲಸ, ಭತ್ಯೆಯೂ ಉಂಟು. ಅದಕ್ಕೆ ಅರ್ಜಿ ಹಾಕೋದು ಮಾತ್ರ ಹಿಂದಿನ ವರ್ಷದ ಚಳಿಗಾಲದಲ್ಲೇ. ಬೇಸಿಗೆ ಬಂದ ಮೇಲೆ ಎಚ್ಚರಾದ್ರೆ ಆಗಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನ ಕಾಲೇಜಿಗೆ ಹೋಗ್ತಿರೋ ಮಕ್ಕಳಿಗೆ ಅಂದ್ಕೊಂಡು ಗೊಂದಲ ಮಾಡ್ಕೋಬೇಡಿ. ಶುರುವಾದಾಗಿನ ನಿಯಮದಲ್ಲಿ ಅದು 21ರಿಂದ 24ರ ವಯಸ್ಸಿನ, ಪೂರ್ಣಾವಧಿ ಓದೂ ಕೆಲಸವೂ ಇಲ್ಲದವರಿಗೆ, ಒಂದು ವರ್ಷ, ತಿಂಗಳಿಗೆ 5,000 ರೂಪಾಯಿ. ಡಿಗ್ರಿ ಮುಗಿದು ಮನೇಲಿರೋ ಮಕ್ಕಳಿದ್ರೆ ಪೋರ್ಟಲ್‌ನಲ್ಲಿ ಆಗಿನ ನಿಯಮ ಓದಿ ಮುಂದುವರಿಯಿರಿ.

ಅಂದಹಾಗೆ ಸೆಮಿಸ್ಟರ್ ಬಂದ ಮೇಲೆ ಬೇಸಿಗೆ ರಜೆ ಅನ್ನೋದು ಬೇಸಿಗೆಯಲ್ಲೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕಾಲೇಜಿನ ವೇಳಾಪಟ್ಟಿ ಕೇಳಿಕೊಂಡೇ ಮಾತು ಕೊಡಿ.

ಪುಟ್ಟಿ ಈಗ ಕೊನೇ ವರ್ಷ. ಭಾವ ಗಂಡಿನ ವಿಷಯ ಪೂರ್ತಿ ಬಿಟ್ಟಿಲ್ಲ, ‘ಡಿಗ್ರಿ ಮುಗೀಲಿ, ನೋಡೋಣ’ ಅನ್ನೋ ಮಟ್ಟಕ್ಕೆ ಬಂದಿದ್ದಾರೆ. ಆ ಮೂರು-ಮೂರು ಸಾವಿರದಲ್ಲಿ ಅವಳು ಅಕ್ಕನಿಗೆ ಒಂದು ಕಾಟನ್ ಸೀರೆ ತಂದುಕೊಟ್ಟಳು, ಉಳಿದಿದ್ದು ಅವಳ ಖಾತೆಯಲ್ಲಿದೆ. ಹೋದ ವಾರ ಅಕ್ಕ ಮತ್ತೆ ಫೋನ್ ಮಾಡಿದ್ದಳು. “ಗ್ರಾಹಕರ ವೇದಿಕೆ ಅಂತ ಏನೋ ಇರುತ್ತಂತಲ್ಲೇ, ಜನರಿಗೆ ಕಾಗದ ಪತ್ರ ತಿಳಿಸಿ ಹೇಳೋದು... ಅಂಥಾ ಕಡೆ ಇವಳನ್ನ ಎರಡು ತಿಂಗಳು ತಗೋತಾರಾ? ನಿನಗೆ ಯಾರಾದ್ರೂ ಗೊತ್ತಾ?”

ವಿಚಾರಿಸ್ತಾ ಇದ್ದೀನಿ.