ಕಾವಲಿಯನ್ನು ಗುಜರಿಗೆ ಹಾಕುವ ಮುನ್ನ

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಗೆ ಕಬ್ಬಿನ ಬೆಳೆ ನೋಡಲು ಹೋಗಿದ್ದಾಗ, ಒಂದು ಮನೆಯ ಜಗಲಿಯ ಮೇಲೆ ಗುಜರಿಯವನಿಗೆಂದು ತೆಗೆದಿಟ್ಟಿದ್ದ ಸಾಮಾನಿನ ರಾಶಿ ಕಂಡಿತು. ಸವೆದ ಗುಳ, ಮುರಿದ ಸರಪಳಿ, ತೂತುಬಿದ್ದ ಬಕೆಟ್ಟು. ಇವುಗಳ ನಡುವೆ ಎರಕದ ಕಬ್ಬಿಣದ ಒಂದು ದೋಸೆ ಕಾವಲಿ, ಮೈಯೆಲ್ಲ ಕೆಂಪು ತುಕ್ಕು. "ನಮ್ಮತ್ತೆ ಕಾಲದ್ದು ಸಾ. ದಿನಾ ಉಜ್ಜಿ ಉಜ್ಜಿ ಇಟ್ರೂ ದ್ವಾಸೆ ಏಳಕ್ಕಿಲ್ಲ. ಮಗ ಅಂಟದೆ ಇರೋ ಕಾವಲಿ ತಂದವ್ನೆ" ಎಂದರು ಮನೆಯ ಯಜಮಾನಿ. ಅದೇ ಮನೆಯ ಗೋಡೆಯ ಮೇಲೆ ಎಣ್ಣೆ ಸವರಿದ ಕುಡುಗೋಲು, ಮಚ್ಚುಗಳು ಸಾಲಾಗಿ ತೂಗುತ್ತಿದ್ದವು. ಒಂದರ ಮೇಲೂ ತುಕ್ಕಿನ ಕಲೆ ಇರಲಿಲ್ಲ.

ಎರಡೂ ಕಬ್ಬಿಣವೇ. ಒಂದಕ್ಕೆ ಸಿಕ್ಕ ಆರೈಕೆ ಇನ್ನೊಂದಕ್ಕೆ ಸಿಗಲಿಲ್ಲ, ಅಷ್ಟೇ ವ್ಯತ್ಯಾಸ. ನೇಗಿಲು, ಸಿಂಪರಣಾ ಯಂತ್ರಗಳ ಜೋಪಾನದ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಅಡಿಗೆಮನೆಯ ಕಬ್ಬಿಣವನ್ನು ಹೆಂಗಸರ ವಿಷಯವೆಂದು ಬಿಟ್ಟುಬಿಟ್ಟಿದ್ದೇವೆ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕಾವಲಿಯೂ ಒಂದು ಕೃಷಿ ಕುಟುಂಬದ ಉಪಕರಣವೇ; ಅದನ್ನು ಉಳಿಸಿಕೊಳ್ಳುವುದು ಮನೆಯವರೆಲ್ಲರ ಕೆಲಸ ಎಂಬುದು ನನ್ನ ಅಭಿಪ್ರಾಯ.

ದೋಸೆ ಏಕೆ ಏಳುವುದಿಲ್ಲ? ಹಿಟ್ಟು ಬರಿಯ ಲೋಹಕ್ಕೆ ತಾಗುವುದರಿಂದ. ಎಣ್ಣೆಯನ್ನು ತೆಳುವಾಗಿ ಸವರಿ ಚೆನ್ನಾಗಿ ಕಾಯಿಸಿದರೆ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ, ಗಟ್ಟಿಯಾದ ಕಪ್ಪು ಪದರವಾಗಿ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ. ಈ ಪದರ ನೀರನ್ನೂ ತಡೆಯುತ್ತದೆ, ಹಿಟ್ಟು ಅಂಟುವುದನ್ನೂ ತಡೆಯುತ್ತದೆ. ಹೋರಿಯನ್ನು ನೊಗಕ್ಕೆ ಪಳಗಿಸಿದಂತೆ ಕಾವಲಿಯನ್ನೂ ಪಳಗಿಸುವುದು ಎಂದು ನಮ್ಮವರು ಹೇಳುವುದು ಇದಕ್ಕೇ. ಆ ತಾಯಿ ದಿನವೂ ಉಜ್ಜಿ ತೆಗೆಯುತ್ತಿದ್ದುದು ಕೊಳೆಯನ್ನಲ್ಲ, ಈ ಪದರವನ್ನು. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಕ್ಷಾರವಿರುತ್ತದೆ. ಅದು ಎಣ್ಣೆಯ ಪದರವನ್ನು ಸಾಬೂನಾಗಿ ಮಾಡಿ ಬಿಡಿಸುತ್ತದೆ. ಸ್ಟೀಲಿನ ನಾರು ಅದನ್ನು ಕೆರೆದೇ ತೆಗೆಯುತ್ತದೆ. ಮೇಲೆ ತೇವವೂ ಉಳಿದರೆ ಬೆಳಗಾಗುವಷ್ಟರಲ್ಲಿ ತುಕ್ಕು.

ತುಕ್ಕು ಹಿಡಿದ ಕಾವಲಿ ಕೆಟ್ಟ ಕಾವಲಿಯಲ್ಲ. ಬಿರುಕು ಬಿಟ್ಟಿಲ್ಲವೆಂದರೆ ಅದನ್ನು ಖಂಡಿತ ಸರಿಪಡಿಸಬಹುದು. ಹುಣಸೆಹಣ್ಣಿನ ರಸ ಸವರಿ ಅರ್ಧ ಗಂಟೆ ಬಿಟ್ಟು ಉಪ್ಪು ಮತ್ತು ತೆಂಗಿನ ನಾರಿನಿಂದ ಉಜ್ಜಿರಿ. ಹುಳಿ ತುಕ್ಕನ್ನು ಕರಗಿಸುತ್ತದೆ. ಆದರೆ ರಾತ್ರಿಯೆಲ್ಲ ಬಿಟ್ಟರೆ ಕಬ್ಬಿಣವನ್ನೇ ತಿನ್ನುತ್ತದೆ. ತೊಳೆದ ಕೂಡಲೇ ಬಟ್ಟೆಯಿಂದ ಒರೆಸಿ, ಸಣ್ಣ ಉರಿಯಲ್ಲಿಟ್ಟು ತೇವ ಪೂರ್ತಿ ಆರಿಸಿರಿ. ನಂತರ ಒಂದೆರಡು ತೊಟ್ಟು ಎಣ್ಣೆಯನ್ನು ಎರಡೂ ಮಗ್ಗುಲಿಗೆ ಸವರಿ, ಎಣ್ಣೆಯೇ ಇಲ್ಲವೇನೋ ಎನ್ನುವಷ್ಟು ಒರೆಸಿ ತೆಗೆಯಿರಿ. ಕಿಟಕಿ ಬಾಗಿಲು ತೆರೆದು, ತೆಳುವಾಗಿ ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ ತಾನಾಗಿ ಆರಲು ಬಿಡಿರಿ. ಹೀಗೆ ಮೂರು ನಾಲ್ಕು ಸಲ ಆಗಬೇಕು. ಮೈ ಜಿಗುಟಾದರೆ ಎಣ್ಣೆ ಹೆಚ್ಚಾಯಿತೆಂದು ತಿಳಿಯಿರಿ.

ಯಾವ ಎಣ್ಣೆ ಎಂಬುದು ಮುಖ್ಯ. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳು ಒಣಗಿ ಪದರ ಕಟ್ಟುವ ಜಾತಿಯವಲ್ಲ. ಲಿನೋಲಿಯಿಕ್ ಆಮ್ಲ ಹೆಚ್ಚಾಗಿರುವ ಹುಚ್ಚೆಳ್ಳೆಣ್ಣೆ ಈ ಕೆಲಸಕ್ಕೆ ಬಹಳ ಒಳ್ಳೆಯದು. ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಹುಚ್ಚೆಳ್ಳು ಬಿತ್ತುವ ರೂಢಿ ಕಡಿಮೆಯಾದಂತೆ ಈ ಎಣ್ಣೆಯೂ ಮನೆಗಳಿಂದ ಮರೆಯಾಯಿತು. ಸಿಗದಿದ್ದಲ್ಲಿ ಸೂರ್ಯಕಾಂತಿ ಎಣ್ಣೆ ಸಾಕು.

ಪಳಗಿದ ಮೇಲೆ ದಿನದ ಆರೈಕೆ ಸುಲಭ. ಬಿಸಿ ಇಳಿದ ಮೇಲೆ ಒರೆಸಿ. ಬೇಕಿದ್ದರೆ ನೀರಿನಲ್ಲಿ ತೊಳೆದು, ಒಲೆಯ ಮೇಲೆ ಆರಿಸಿ, ಒಂದು ತೊಟ್ಟು ಎಣ್ಣೆ ಸವರಿಡಿ. ಕಾದ ಕಾವಲಿಗೆ ನೀರು ಚಿಮುಕಿಸುವುದು ಬೇರೆ, ತಣ್ಣೀರು ಸುರಿಯುವುದು ಬೇರೆ. ಎರಕದ ಕಬ್ಬಿಣದಲ್ಲಿ ಇಂಗಾಲದ ಪ್ರಮಾಣ ಶೇ. 2ಕ್ಕಿಂತ ಹೆಚ್ಚು. ಆದ್ದರಿಂದ ಅದು ಪೆಡಸು. ತಟ್ಟನೆ ತಣಿದರೆ ಬಿರುಕು ಬಿಡುತ್ತದೆ.

ಅಂಟದ ಲೇಪನದ ಕಾವಲಿ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಸಣ್ಣ ಉರಿಯಲ್ಲಿ ಬಳಸಿದರೆ ಭಯವಿಲ್ಲ. ಆದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ಮೀರಿ ಕಾದರೆ ಆ ಲೇಪನ ಕೆಡತೊಡಗುತ್ತದೆ. ಖಾಲಿ ಕಾವಲಿಯನ್ನು ದೊಡ್ಡ ಉರಿಯ ಮೇಲಿಟ್ಟು ಮರೆಯುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಲೇಪನ ಎದ್ದ ಮೇಲೆ ಅದನ್ನು ಮನೆಯಲ್ಲಿ ಸರಿಮಾಡುವಂತೆಯೂ ಇಲ್ಲ. ಕಬ್ಬಿಣವನ್ನಾದರೆ ಎಷ್ಟು ಸಲ ಬೇಕಾದರೂ ಪಳಗಿಸಬಹುದು.

ಇನ್ನೊಂದು ಮಾತು ರಕ್ತಹೀನತೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹುಳಿಯ ಪದಾರ್ಥವನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ಅದರ ಕಬ್ಬಿಣಾಂಶ ಏರುತ್ತದೆಂದು ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದವು. ಇಥಿಯೋಪಿಯಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದ ಊಟ ಉಂಡ ಮಕ್ಕಳಿಗಿಂತ ಕಬ್ಬಿಣದ ಪಾತ್ರೆಯ ಊಟ ಉಂಡ ಮಕ್ಕಳ ರಕ್ತ ಹೆಚ್ಚು ಸುಧಾರಿಸಿತ್ತು.

ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಚೆನ್ನಾಗಿ ಪಳಗಿದ ಕಾವಲಿ ಕಬ್ಬಿಣವನ್ನು ಕಡಿಮೆ ಬಿಡುತ್ತದೆ, ಏಕೆಂದರೆ ನಡುವೆ ಪದರವಿದೆ. ಹುಳಿ ಕುದಿಸಿದರೆ ಆ ಪದರವೂ ಹಾಳು. ಆದ್ದರಿಂದ ದೋಸೆಗೆ ಪಳಗಿದ ಕಾವಲಿ ಇರಲಿ. ಬಸ್ಸಾರು, ಸೊಪ್ಪಿನ ಪಲ್ಯಕ್ಕೆ ಬೇರೆಯೇ ಒಂದು ಕಬ್ಬಿಣದ ಬಾಂಡ್ಲಿ ಇರಲಿ. ಸಾರು ಆದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿ. ಇಲ್ಲವಾದರೆ ಕಪ್ಪಾಗಿ ಕಬ್ಬಿಣದ ರುಚಿ ಬರುತ್ತದೆ. ಊಟದ ಜೊತೆ ಒಂದು ಹೋಳು ನಿಂಬೆ ಒಳ್ಳೆಯದು. ಊಟವಾದ ಕೂಡಲೇ ಚಹಾ, ಕಾಫಿ ಬೇಡ. ಬಾಂಡ್ಲಿ ಎಂದೂ ಔಷಧಿಗೆ ಬದಲಿಯಲ್ಲ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ಬಿಡಬಾರದು. ಕಬ್ಬಿಣ ಹೆಚ್ಚಾಗಬಾರದೆಂದು ವೈದ್ಯರು ಹೇಳಿರುವವರು ಅವರ ಸಲಹೆಯಂತೆಯೇ ನಡೆಯಬೇಕು.

ಬೂಕನಕೆರೆಯ ಆ ಕಾವಲಿಯನ್ನು ರಾಶಿಯಿಂದ ತೆಗೆಸಿ, ಮೇಲೆ ಹೇಳಿದಂತೆ ಮಾಡಲು ತಿಳಿಸಿ ಬಂದಿದ್ದೆ. ಮುಂದಿನ ಸಲ ಹೋದಾಗ ಅದರ ಮೇಲೆ ಹುಯ್ದ ದೋಸೆಯನ್ನೇ ತಟ್ಟೆಗೆ ಹಾಕಿದರು. "ಮೊದಲೆರಡು ಹರಿದೋದ್ವು ಸಾ, ಆಮೇಲೆ ಎದ್ವು" ಎಂದರು. ಉಜ್ಜಿ ಎಣ್ಣೆ ಸವರಿದವನು ಮಗನೇ ಅಂತೆ.

ಆಲೆಮನೆಯ ಹಂಗಾಮು ಮುಗಿದ ಮೇಲೆ ಕೊಪ್ಪರಿಗೆಯನ್ನು ಒದ್ದೆಯಾಗಿ ಬಿಡಬಾರದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆಯೇ ಅಡಿಗೆಮನೆಗೂ ಬರಬೇಕು. ಬರುವ ಆಯುಧಪೂಜೆಯಂದು ನೇಗಿಲು, ಕುಡುಗೋಲುಗಳನ್ನು ತೊಳೆದು ಎಣ್ಣೆ ಸವರಿ ಸಾಲಾಗಿ ಇಡುವಾಗ ಅಟ್ಟದ ಮೇಲಿನ ಕಾವಲಿಯನ್ನೂ ಇಳಿಸಿ, ಅದೇ ಸಾಲಿನಲ್ಲಿ ಇಡಿರಿ.